ದೊರೆಯ ಗಾಡಿ

ಮೋರ್ಕಾಮ್ ಕಡಲಂಚಿನಲ್ಲಿ ಐಸ್‌ಕ್ರೀಮ್ ಮಾರುವ
ಎನಿಡ್ ಥ್ರೆಲ್‌ಫಾಲಳಿಗೆ ಗೊತ್ತೇ ಆಗಲಿಲ್ಲ
ತನ್ನ ಕಂಪನಿ ಸತ್ತದ್ದು.

ವರ್ಷದ ಲೆಕ್ಕಪತ್ರ ಹೋಗಿರಲಿಲ್ಲ.
ನೋಟೀಸು ಬಂದದ್ದು ಹಳೇ ವಿಳಾಸಕ್ಕೆ;
ಅಲ್ಲೀಗ ನಾಯಿಗಳಿಗೆ ಕ್ಷೌರ ಮಾಡುತ್ತಾರೆ.
ಗೆಜೆಟ್ಟಿನಲ್ಲೊಂದು ಸಾಲು. ಅಷ್ಟೇ.
ಸೂತಕವಿಲ್ಲ, ತಿಥಿಯಿಲ್ಲ.

ಸತ್ತ ಕಂಪನಿಯ ಸ್ವತ್ತು ದೊರೆಗೆ ಸೇರುತ್ತದಂತೆ:
ಗುಲಾಬಿ ಗಾಡಿ, ಅದರ ಕೆಟ್ಟ ಗಂಟೆ,
ಬ್ಯಾಂಕಿನ ನಲವತ್ತೊಂದು ಪೌಂಡು,
ಫ್ರೀಜರಿನ ತಳಕ್ಕಂಟಿದ ಪಿಸ್ತಾ ಡಬ್ಬ.
ಹನ್ನೊಂದು ತಿಂಗಳು ನಾವಿಬ್ಬರೂ
ದೊರೆಯ ಉಪ್ಪುಂಡೆವು.
ಸಿಹಿಯಾಗಿತ್ತು.

ಆದರೆ ಈ ಸಾವಿಗೆ ಆರು ವರ್ಷ ವಾಯಿದೆ.
ಬಾಕಿ ಲೆಕ್ಕ, ದಂಡ, ಅರ್ಜಿ,
ನಮ್ಮ ಅಡ್ಡಿಯಿಲ್ಲವೆಂದು ದೊರೆಯ ಕಡೆಯಿಂದೊಂದು ಕಾಗದ—
ಎಲ್ಲ ಮುಗಿದ ಮೇಲೆ ಉತ್ತರ ಬಂತು:
ಸತ್ತೇ ಇರಲಿಲ್ಲವೆಂದು ಭಾವಿಸತಕ್ಕದ್ದು.

ಎನಿಡ್ ಅದನ್ನು ಗಾಡಿಯ ಗಾಜಿಗೆ ಅಂಟಿಸಿ
'ತಕ್ಕದ್ದು, ತಕ್ಕದ್ದು' ಎನ್ನುತ್ತ
ಮೋಟರು ಹಚ್ಚಿದಳು.

ನನಗೆ ಮಾತ್ರ ಒಂದು ತೊಡಕು.
ಜುಲೈಯಲ್ಲಿ, ಕೋನು ಮರಳಿಗೆ ಬೀಳಿಸಿ
ಅಳುತ್ತಿದ್ದ ಹುಡುಗನಿಗೆ
ಪುಕ್ಕಟೆ ಇನ್ನೊಂದು ಕೊಟ್ಟಿದ್ದೆ.
ಅರಸನ ಔದಾರ್ಯ, ನನಗೇನು ಎಂದುಕೊಂಡಿದ್ದೆ, ವಿಷಯ ತಿಳಿದಾಗ.
ಈಗ ಕಾನೂನಿನ ಪ್ರಕಾರ ಆ ಕೋನು ಅಂದೂ ಎನಿಡಳದೇ.
ಸಂಬಳದಲ್ಲಿ ಹಿಡಿಯಬಹುದು.

ಅವಳಿನ್ನೂ ಕೇಳಿಲ್ಲ.
ನಾನೂ ಹೇಳಿಲ್ಲ.