ಎರಡು ನಿಮಿಷ

ಮೊದಲು ಏಳು ನಿಮಿಷಕ್ಕೆ ತುಂಬುತ್ತಿದ್ದ ಬಕೇಟು
ಈಗ ಹತ್ತೊಂಬತ್ತಕ್ಕೂ ಕಂಠ ಮುಟ್ಟದು.
ಬ್ರಹ್ಮಪುರದ ಮಾಳಿಗೆ ಮೇಲೆ, ಕಾದ ಫರಸಿಗೆ
ಗೋಣಿತಟ್ಟು ಹಾಸಿ ಕೂತು
ಮೋನಪ್ಪ, ಬಚ್ಚಲ ನೀರಿನ ಫಿಲ್ಟರಿನ
ಹೊಟ್ಟೆ ಬಿಚ್ಚಿ ಪರದೆ ಎಳೆದ.

"ನೋಡ್ರಿ ಅಕ್ಕೋರೆ, ಎಷ್ಟು ಜಿಗಟು ಕುಂತದ."

ಕೆನೆಯ ಹಾಗೆ, ಆದರೆ ಬೂದಿ ಬಣ್ಣ.
ಬೆರಳಿಟ್ಟರೆ ಜಾರುತ್ತದೆ, ಬಿಡುವುದಿಲ್ಲ.
ಅತ್ತೆಯ ಕೊಬ್ಬರಿ ಎಣ್ಣೆ,
ಮಗಳು ಕಾಲಲ್ಲಿ ತಂದ ಎರೆಮಣ್ಣು,
ನನ್ನ ಅರಿಶಿನ, ಬೋರಿನ ನೀರಿಗೆ ಒಡೆದ ಸಾಬೂನು.
ಅಂಚಿಗೊಂದು ಕಾಡಿಗೆಯಂಥ ಗೆರೆ.
ತಲೆಗೆ ಏನೂ ಹಚ್ಚುವುದಿಲ್ಲವೆಂದು
ಆಣೆ ಮಾಡಿದ ನಮ್ಮನೆಯವರು
ತಟ್ಟನೆ ಪಾರಿವಾಳ ಎಣಿಸತೊಡಗಿದರು.

ಉಲ್ಟಾ ನೀರು ಬಿಟ್ಟ, ಔಷಧದಲ್ಲಿ ನೆನೆಯಿಟ್ಟ,
ನಮ್ಮಲ್ಲೇ ರೊಟ್ಟಿ, ಪುಂಡಿಪಲ್ಯ ಉಂಡು
ಮತ್ತೆ ಜೋಡಿಸಿದ.

ನಲ್ಲಿ ಕೆಮ್ಮಿತು. ಹರಿಯಿತು.
ಗಡಿಯಾರ ಹಿಡಿದು ನಿಂತೆ: ಒಂಬತ್ತು.
"ಏಳು ಇನ್ನ ಆಗಂಗಿಲ್ರಿ.
ಸಣ್ಣ ತೂತಿನಾಗ ಸ್ವಲ್ಪ ಕುಂತೇ ಬಿಡ್ತದ,
ಯಾವ ಔಷಧಕ್ಕೂ ಬರಂಗಿಲ್ಲ."

ಇರಲಿ.
ಹೆಚ್ಚಿನ ಆ ಎರಡು ನಿಮಿಷ
ಬಕೇಟಿನ ಮುಂದೆ ಇಬ್ಬರೂ ನಿಂತೆವು.
ಅವರ ಕಿವಿಯ ಹಿಂದೆ ಒಂದು ಬಿಳಿ ಕೂದಲು.
ನೋಡಿಯೂ ನೋಡದ ಹಾಗೆ ನಾನು.