ಹದಿನಾಲ್ಕು ಸುತ್ತು

ಗಾಡಿಕೊಪ್ಪದ ಈಚೆ, ಐದನೇ ಕ್ರಾಸಿನ ವಾಲ್ವು
ಪೂರ್ತಿ ತೆರೆಯಲಿಕ್ಕೆ ಹದಿನಾಲ್ಕು ಸುತ್ತು.
ಹನ್ನೊಂದಕ್ಕೆ ಒಮ್ಮೆ ಹಲ್ಲು ಕಚ್ಚುತ್ತದೆ.
ಆಗ ಬೈಯಬಾರದು, ತುಸು ಹಿಂದಕ್ಕೆ ಬಿಟ್ಟು
ಮತ್ತೆ ತಿರುವಬೇಕು.
ಇದು ಯಾವ ನಕ್ಷೆಯಲ್ಲೂ ಇಲ್ಲ.

ಅಪ್ಪ ಹುಚ್ಚರಾಯಪ್ಪ ಇದೇ ನೆಲದ ನೀರುಗಂಟಿ.
ಆಗ ಕ್ರಾಸಿರಲಿಲ್ಲ, ತೂಬಿತ್ತು.
ಚಾನಲ್ಲಿನಿಂದ ಇಳಿದ ತುಂಗೆಯನ್ನು
ಒಂದು ಹಾರೆ, ಒಂದು ಹಿಡಿ ಕೆಸರು, ಹರಕು ಗೋಣಿಚೀಲ
ಇಷ್ಟರಲ್ಲೇ ಗದ್ದೆಯಿಂದ ಗದ್ದೆಗೆ ಹಂಚುತ್ತಿದ್ದ.
ಲಾಟೀನು ಹಿಡಿಯಲು ನಾನು.
ಏಡಿ ಕಚ್ಚಿದರೂ ಅಳುವ ಹಾಗಿಲ್ಲ:
'ಸುಮ್ನಿರೋ, ಮೇಲಿನ ಗದ್ದೆಯವರು ಎದ್ದು ಬತ್ತಾರೆ.'
ಸುಗ್ಗಿಗೊಂದು ಕೊಳಗ ಭತ್ತ ಕೂಲಿ.
ಕೊಡದವರೂ ಇದ್ದರು. ಅವರಿಗೂ ಬಿಡುತ್ತಿದ್ದ,
ಕೊನೆಗೆ, ಬೈದುಕೊಂಡು.

ಆಮೇಲೆ ಚೈನು ಹಿಡಿದವರು ಬಂದರು.
ನನಗೆ ಹದಿನಾರು. ಸೈಟಿನ ಕಲ್ಲಿಗೆ ಹಳದಿ ಬಳಿದು
ಕಪ್ಪಿನಲ್ಲಿ ನಂಬರು ಬರೆಯುವ ಕೆಲಸ,
ಕಲ್ಲಿಗೆ ಎಂಟಾಣೆ.
ಕೂಳೆಯ ನಡುವೆ, ನೆಟ್ಟರೂ ಬೆಳೆಯದ ಕಲ್ಲುಗಳು.
೧೧೨ ಬರೆಯುವಾಗ ಗೊತ್ತಾಯಿತು,
ಅಪ್ಪ ಕೂತು ಬೀಡಿ ಹಚ್ಚುತ್ತಿದ್ದ ಬದು ಅದು.
ಎರಡರ ಬಾಲ ಸ್ವಲ್ಪ ಉದ್ದಕ್ಕೆ ಎಳೆದೆ.
ಅಷ್ಟೇ.

ಮೊದಲ ಮನೆ ಪೊನ್ನುಸ್ವಾಮಿಯವರದು,
ಭದ್ರಾವತಿಯಲ್ಲಿ ಕುಲುಮೆ ಬಿಟ್ಟು ಬಂದವರು.
'ಅಡುಗೆಮನೆಗೆ ಕಪ್ಪೆ ಬರ್ತಾವಲ್ಲ' ಎಂದು ದೂರಿದರೆ
ಅಪ್ಪ ನಕ್ಕ: 'ಬಂದಿದ್ದು ಕಪ್ಪೆ ಅಲ್ಲ ಸ್ವಾಮಿ.'
ಮರುವರ್ಷ ಅವರ ಗೇಟಿಗೇ ವಾಚ್‌ಮನ್ ಆದ.

ನನಗೆ ನಗರಸಭೆಯ ದಿನಗೂಲಿ.
ವಾಲ್ವಿನ ಕೀಲಿ ಆಟೋ ಕಾಂಪ್ಲೆಕ್ಸಿನ ದಾದಾಪೀರ್ ಮಾಡಿಕೊಟ್ಟದ್ದು,
ಲಾರಿಯ ಮುರಿದ ಆಕ್ಸಲ್ಲು ಕಾಯಿಸಿ, ಬಡಿದು.
ದುಡ್ಡು ಬೇಡ, ನಮ್ಮ ಬೀದಿಗೆ ಹತ್ತು ನಿಮಿಷ ಜಾಸ್ತಿ ಬಿಡು ಎಂದ.
ನಾಲ್ಕು ಬಿಟ್ಟೆ.
ಅವನು ಹೋಗಿ ಆರು ವರ್ಷ, ನಾಲ್ಕು ನಿಲ್ಲಿಸಲಿಲ್ಲ.

ಬೆಳಗಿನ ನಾಲ್ಕೂವರೆ. ಮೊದಲು ಗಾಳಿ,
ಊರಿಗೂರೇ ಕೆಮ್ಮಿದ ಹಾಗೆ ನಲ್ಲಿಗಳ ಸದ್ದು.
ಆಮೇಲೆ ಕೆಂಪು, ಆಮೇಲೆ ನೀರು.
ಮದುವೆಯೂ ಸಾವೂ ಮೊದಲು ನನಗೇ ತಿಳಿಯುತ್ತಿತ್ತು:
'ಅಣ್ಣಾ, ಇವತ್ತೊಂದಿನ ಸ್ವಲ್ಪ ಜಾಸ್ತಿ.'
ಯಾಕೆಂದು ಕೇಳಬೇಕಿರಲಿಲ್ಲ,
ದನಿಯಲ್ಲೇ ಇರುತ್ತಿತ್ತು.

ಹೋದ ಆಷಾಢದಲ್ಲಿ ದೊಡ್ಡ ಪೈಪು ಒಡೆಯಿತು.
ನೀರು ಹೊಸ ಚರಂಡಿಯ ಕಡೆ ತಿರುಗಿಯೂ ನೋಡದೆ
ಮೂರು ಬೀದಿ ದಾಟಿ, ಜಿಮ್ಮಿನ ನೆಲಮಾಳಿಗೆಗಿಳಿದು
ಮೊಣಕಾಲುದ್ದ ನಿಂತಿತು.
ಟ್ಯಾಬ್ ಹಿಡಿದ ಇಂಜಿನಿಯರ್ ಹುಡುಗಿ,
'ಇಲ್ಲಿಗೆ ಹೇಗೆ ಬಂತು?'
'ಇದು ಗೌಡರ ತಗ್ಗುಗದ್ದೆ ಕಣಮ್ಮ. ನೀರಿಗೆ ರೂಢಿ.'
ಅವಳು ಬರೆದುಕೊಳ್ಳಲಿಲ್ಲ,
ಆದರೆ ಒಂದು ಗಳಿಗೆ ಸುಮ್ಮನೆ ನಿಂತಿದ್ದಳು.

ಈಗ ಇಪ್ಪತ್ನಾಲ್ಕು ತಾಸೂ ನೀರಂತೆ, ಮೀಟರಂತೆ,
ತಿರುವುವ ಕೈ ಬೇಡವಂತೆ.
ಒಳ್ಳೆಯದೇ ಎಂದೆ. ನಿಜವಾಗಿ ಒಳ್ಳೆಯದೇ.
ಸಿಸಿಲಿಯಮ್ಮನ ಸೊಂಟಕ್ಕೆ ಕೊಡ ಹೊರುವುದು ತಪ್ಪಿತು.
ಆದರೂ ನಾಲ್ಕೂವರೆಗೆ ಅವಳ ಮನೆಯ ದೀಪ ಹತ್ತುತ್ತದೆ.
ನಮ್ಮನೆಯದೂ.

ಸೊಸೆ ಹೇಳಿದಳೆಂದು ಕೀಲಿ ಗುಜರಿಗೆ ಒಯ್ದೆ.
ಏಳು ಕೇಜಿ ಇನ್ನೂರು ಗ್ರಾಂ.
ತೂಕ ತಿಳಿದುಕೊಂಡು ಮನೆಗೆ ತಂದೆ.
ಹಿತ್ತಿಲ ಬಾಗಿಲು ಗಾಳಿಗೆ ಬಡಿಯದಂತೆ ಒರಗಿ ನಿಂತಿದೆ.

ಮೊನ್ನೆ ಐದನೇ ಕ್ರಾಸಿನ ಗುಂಡಿಗೆ ಕಾಂಕ್ರೀಟು ಹಾಕುತ್ತಿದ್ದರು.
ಕರಣೆ ಹಿಡಿದ ಹುಡುಗನಿಗೆ ಹೇಳಿದೆ:
ಹನ್ನೊಂದಕ್ಕೆ ಕಚ್ಚುತ್ತದೆ, ಬೈಯಬಾರದು.
ಕಿವಿಯ ವೈರು ತೆಗೆದು ಅವನು, 'ಎಂತದ್ದು?'
'ಎಂತದ್ದೂ ಇಲ್ಲ ಮಾರಾಯ,
ಆ ಅಂಚು ಸ್ವಲ್ಪ ನೀಟಾಗಿ ಎಳಿ.'