ಹದಿನೇಳನೆಯ ಪುಟ

ಪ್ರಶ್ನೆಗಳನ್ನು ಕಂಪಾಸ್ ಡಬ್ಬಿಯಲ್ಲಿ ಹಾಕಿಟ್ಟಿದ್ದರು,
ಚೀಟಿ ಮಡಚಿ ಮಡಚಿ ಕಡಲೆಕಾಳಿನಷ್ಟು ಮಾಡಿ.
ಹಟ್ಟಿಯ ಶಾಲೆ, ಐದನೇ ಕ್ಲಾಸು.
ಹೆಡ್ಮಾಸ್ತರರು ತೋಳಿರುವ ಒಂದೇ ಕುರ್ಚಿ ನನಗೆ ಕೊಟ್ಟು
ತಾವು ಕಿಟಕಿಗೆ ಒರಗಿ ನಿಂತರು.

ಯಾವ ಪೆನ್ನಿಂದ ಬರೀತೀರಿ?
ಐದು ರೂಪಾಯಿದು, ಅಂದೆ. ಕಚ್ಚಿ ಕಚ್ಚಿ ಕ್ಯಾಪು ಚಪ್ಪಟೆ.
ಬೆಂಚಿನಿಂದ ಬೆಂಚಿಗೆ ಹೋಯಿತು,
ತಿರುಗಿ ಬಂದಾಗ ಇನ್ನೊಂದು ಹಲ್ಲಿನ ಗುರುತಿತ್ತು.

ಕತಿ ಬರೆದರ ರೊಕ್ಕ ಎಷ್ಟು ಕೊಡ್ತಾರ?
ಹೆಡ್ಮಾಸ್ತರರು ಕೆಮ್ಮಿದರು. ನಾನು ನಿಜವನ್ನೇ ಹೇಳಿದೆ.
ಇಡೀ ಕ್ಲಾಸು ನನಗಾಗಿ ಮರುಗಿತು.

ನೀವು ಬರೆದದ್ದೆಲ್ಲಾ ಚೊಲೋ ಇರ್ತಾವೇನ್ರೀ?
ಇದಕ್ಕೆ ಉತ್ತರ ಲಿಂಗಸೂಗೂರಿನ ಬಸ್ಸಿನಲ್ಲೇ
ತಯಾರು ಮಾಡಿಕೊಂಡಿದ್ದೆ:
ಕತೆ ಅಂದರೆ ನಿಮ್ಮೂರ ಗಣಿಯ ಹಾಗೆ ಮಕ್ಕಳೇ,
ಲಾರಿಗಟ್ಟಲೆ ಕಲ್ಲು ಅರೆದರೆ ಚಿಟಿಕೆ ಬಂಗಾರ...
ಆದೆಪ್ಪ ಕೈ ಎತ್ತಿದ.
ನಮ್ಮಪ್ಪ ಕೆಳಗ ಇಳಿಯಾಕ ಹತ್ತಿ ಹದಿನೆಂಟು ವರ್ಷ ಆತ್ರೀ,
ಬಂಗಾರ ನೋಡೇ ಇಲ್ಲಂತ. ಬರೇ ಕಲ್ಲು.
ಹೊರಗೆ ಪಾಳಿಯ ಸೈರನ್ ಕೂಗಿತು.
ನಾನು ನೀರು ಕುಡಿದೆ.

ಡಬ್ಬಿಯಲ್ಲಿ ಕೊನೆಗೆ ಉಳಿದದ್ದಕ್ಕೆ ಹೆಸರಿರಲಿಲ್ಲ,
ಆದರೆ ತಸ್ಲೀಮಾ ಉಗುರು ಕಚ್ಚುತ್ತಿದ್ದಳು:
ನಿಮ್ಮ ಕತ್ತಿ ವಾಪಸ್ ಮನಿಗಿ ಬಂತಾ?

ಯಾವ ಕತ್ತೆ? ನೆನಪಾಗಲು ಹೊತ್ತು ಹಿಡಿಯಿತು.
ಆರು ವರ್ಷದ ಹಿಂದಿನ ಪುಸ್ತಕ. ಮಡಿವಾಳರ ಕತ್ತೆ,
ಒಂದು ಕಿವಿ ಮಡಚಿದ್ದು, ಯಾರದೋ ಲಗ್ನದ ಸೀರೆ ಹೊತ್ತು
ಸಂಜೆಗೆ ಗುಡ್ಡ ಹತ್ತಿದ್ದು.
ಚಂದ್ರನನ್ನು ನೋಡುತ್ತಾ ನಿಂತಿತು ಎಂದು ಮುಗಿಸಿದ್ದೆ.
ಚೆಂದ ಅಂತಲ್ಲ,
ಹದಿನಾರು ಪುಟ ದಾಟಿದರೆ ಪಿನ್ನು ಹಿಡಿಯುವುದಿಲ್ಲ ಎಂದಿದ್ದರು.

ಅದನ್ನೇ ಹೇಳಿದೆ. ತಸ್ಲೀಮಾ ನನ್ನನ್ನು
ಚಿಲ್ಲರೆ ತಪ್ಪು ಎಣಿಸಿದ ಅಂಗಡಿಯವನಂತೆ ನೋಡಿದಳು.
ಪುಟ ಮುಗೀತು ಖರೇ. ಕತ್ತಿಗೇನು ಗೊತ್ತ್ರೀ ಅದು?
ರಾತ್ರಿ ಥಂಡಿ ಇರ್ತದ.

ಆಮೇಲೆ ಯಾರೂ ನನ್ನನ್ನು ಏನೂ ಕೇಳಲಿಲ್ಲ.
ಹುಲಿಗೆಮ್ಮ ಹುಲ್ಲಿಗೆ ಹೊರಟಳು.
ಮೌನೇಶ ಕಾಕಾನ ಟಂಟಂ ತರುತ್ತೇನೆಂದ,
ಕತ್ತೆ ಟಂಟಂ ಹತ್ತುತ್ತದೋ ಇಲ್ಲವೋ ಎಂದು ಜಗಳವಾಯಿತು.
ಗುಡ್ಡದ ಯಾವ ಬಾಜೂ? ಆದೆಪ್ಪನಿಗೆ ಅದು ಬೇಕಿತ್ತು.
ನಾನು ಕೈ ಮಾಡಿ ತೋರಿಸಿದೆ, ಗೊತ್ತಿದ್ದವಳ ಹಾಗೆ.

ಸಂಜೆಯ ಬಸ್ಸು ಗಣಿಯ ಬೂದು ದಿಬ್ಬ ಬಳಸಿ ತಿರುಗಿತು.
ಪೆನ್ನು ಬಾಯಿಗಿಟ್ಟರೆ ನಾಲಗೆಗೆ
ನನ್ನದಲ್ಲದ ಹಲ್ಲಿನ ತಗ್ಗು.
ಟಿಕೀಟಿನ ಹಿಂದೆ ಬರೆದೆ: ಹದಿನೇಳು.
ಆ ಸೀರೆಯ ಮದುವಣಗಿತ್ತಿಯೂ
ಆರು ವರ್ಷದಿಂದ ಕಾಯುತ್ತಿದ್ದಾಳೆ, ಪಾಪ,
ಹಳೇ ಸೀರೆ ಉಟ್ಟುಕೊಂಡು.